ನಾಲ್ಕೂ ಲೆಕ್ಕ ಸರಿ ಇವೆ, ತಂಗೀ

ಅಕ್ಕೋರೇ, ನಾವು ಕಲಬುರಗಿಯ ರೋಜಾದಲ್ಲಿ ಇರುತ್ತೇವೆ. ಮನೆಮಾತು ಉರ್ದು. ನಾನು ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದ್ದೇನೆ. ನಮ್ಮ ಮನೆಯವರದು ಬಾಳೆಹಣ್ಣಿನ ಬಂಡಿ. ನಾಲ್ಕು ದಿನಕ್ಕೊಮ್ಮೆ ನಸುಕಿನಲ್ಲಿ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆ ತರುತ್ತಾರೆ. ಸಂಜೆ ಬಂಡಿ ಹತ್ತಿರ ನಾನೂ ನಿಲ್ಲುತ್ತೇನೆ.

ಮಗಳು ಆರನೆಯ ತರಗತಿ, ಕನ್ನಡ ಮಾಧ್ಯಮ. ಕನ್ನಡ, ವಿಜ್ಞಾನ ಎಲ್ಲ ಛಲೋ ಓದುತ್ತಾಳೆ. ಗಣಿತ ಅಂದರೆ ಮಾತ್ರ ಮುಖ ಇಳಿಯುತ್ತದೆ. ಅಪವರ್ತನ, ಅಪವರ್ತ್ಯ ಪಾಠ ಶುರುವಾದ ಮೇಲಂತೂ ಗಣಿತದ ಪರೀಕ್ಷೆ ಇದ್ದ ದಿನ ಹೊಟ್ಟೆನೋವು ಅಂತ ಮಲಗುತ್ತಾಳೆ. ಹೋದ ವಾರ ಅಕ್ಕಿ ಡಬ್ಬಿಯಲ್ಲಿ ಅವಳ ಪರೀಕ್ಷೆ ಪೇಪರ್ ಸಿಕ್ಕಿತು. ಇಪ್ಪತ್ತಕ್ಕೆ ನಾಲ್ಕು. ಅವಳ ಅಬ್ಬಾಗೆ ಇನ್ನೂ ಹೇಳಿಲ್ಲ. ಹಿಂದಿನ ಸಲ ಬೈದಿದ್ದರು, ‘ಟ್ಯೂಷನ್‌ಗೆ ಹಾಕು, ಇಲ್ಲದಿದ್ದರೆ ಬಂಡಿಗೆ ಕಳಿಸು’ ಅಂದಿದ್ದರು. ನನಗೆ ಕಲಿಸಲು ಬರುವುದಿಲ್ಲ. ಪೇಪರಿನಲ್ಲಿ ಅವಳು ಬರೆದದ್ದನ್ನು ಹಾಗೇ ಇಳಿಸಿ ಕಳಿಸಿದ್ದೇನೆ. ನನ್ನ ಮಗಳ ತಲೆಗೆ ಗಣಿತ ಹತ್ತುವುದೇ ಇಲ್ಲವೇ? ಪೇಪರ್ ಸಿಕ್ಕಿದ್ದನ್ನು ಅವಳಿಗೆ ಹೇಳಲೋ ಬೇಡವೋ?

ಒಬ್ಬ ತಾಯಿ, ರೋಜಾ, ಕಲಬುರಗಿ

ತಂಗೀ,

ಅಕ್ಕೋರೇ ಅಂತ ಕರೆದಿದ್ದೀ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಪೇಪರಿನ ಉತ್ತರಗಳನ್ನು ಇಳಿಸಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಿನ್ನ ಪತ್ರವನ್ನು ಎರಡು ಸಲ ಓದಿದೆ, ಆ ನಾಲ್ಕು ಸಾಲನ್ನು ಹತ್ತು ಸಲ ಓದಿದೆ.

15ರ ಅಪವರ್ತನಗಳು ಯಾವುವು ಎಂಬ ಪ್ರಶ್ನೆಗೆ ನಿನ್ನ ಮಗಳು 15, 30, 45, 60 ಎಂದು ಬರೆದಿದ್ದಾಳೆ. 7ರ ಅಪವರ್ತ್ಯಗಳಿಗೆ 1, 7. ಆಮೇಲೆ 12 ಮತ್ತು 18ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕೇಳಿದ್ದಕ್ಕೆ 36, ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಕೇಳಿದ್ದಕ್ಕೆ 6. ನಾಲ್ಕಕ್ಕೂ ಕೆಂಪು ಗೀಟು ಬಿದ್ದಿದೆ. ಈಗ ನಾನು ಹೇಳುವುದನ್ನು ಕೇಳು. ಈ ನಾಲ್ಕರಲ್ಲಿ ಒಂದು ಲೆಕ್ಕವೂ ತಪ್ಪಿಲ್ಲ. 15ರ ಮಗ್ಗಿಯಲ್ಲಿ 15, 30, 45, 60 ಬರುತ್ತವೆ, ಅವು 15ರ ಅಪವರ್ತ್ಯಗಳು. 7ನ್ನು ಶೇಷ ಉಳಿಯದಂತೆ ಭಾಗಿಸುವವು 1 ಮತ್ತು 7 ಎರಡೇ, ಅವು 7ರ ಅಪವರ್ತನಗಳು. 12 ಮತ್ತು 18 ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ 6. ಎರಡರ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ 36. ಎಲ್ಲವನ್ನೂ ಹುಡುಗಿ ಕಂಡುಹಿಡಿದಿದ್ದಾಳೆ. ಹೆಸರುಗಳನ್ನು ಮಾತ್ರ ಅದಲುಬದಲು ಮಾಡಿದ್ದಾಳೆ.

ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡು. ಅಪವರ್ತನ. ಅಪವರ್ತ್ಯ. ಕೊನೆಯಲ್ಲಿ ಒಂದು ‘ನ’, ಒಂದು ‘ತ್ಯ’, ವ್ಯತ್ಯಾಸ ಅಷ್ಟೇ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಚಿಕ್ಕದಾಗಿ ಬರೆಯುವಾಗ ಆ ಒಂದು ಅಕ್ಷರದ ವ್ಯತ್ಯಾಸವೂ ಉಳಿಯುವುದಿಲ್ಲ: ಮ.ಸಾ.ಅ., ಲ.ಸಾ.ಅ., ಎರಡರ ಕೊನೆಗೂ ಅದೇ ‘ಅ’. ಇದರ ಮೇಲೆ ಇನ್ನೊಂದು ತೊಡಕಿದೆ. ‘ಮಹತ್ತಮ’ ಅಂದರೆ ಅತಿ ದೊಡ್ಡದು ಎಂದು ಮೇಷ್ಟರು ಹೇಳಿರುತ್ತಾರೆ, ‘ಲಘುತ್ತಮ’ ಅಂದರೆ ಅತಿ ಚಿಕ್ಕದು. ಆದರೆ ಉತ್ತರ ಬರುವಾಗ ಮಹತ್ತಮ ಎನ್ನುವುದು 6, ಲಘುತ್ತಮ ಎನ್ನುವುದು 36! ಅರ್ಥ ತಿಳಿದು ಬರೆಯುವ ಮಗುವೇ ಇಲ್ಲಿ ಎಡವುತ್ತದೆ. ದೊಡ್ಡದು ಅಂದರಲ್ಲ, ಹಾಗಾದರೆ 36 ಇರಬೇಕು ಎಂದು ನಿನ್ನ ಮಗಳು ಯೋಚಿಸಿದ್ದಾಳೆ. ಯೋಚಿಸದೆ ಬಾಯಿಪಾಠ ಮಾಡಿದ ಮಗುವಿಗೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಮನೆಯಲ್ಲಿ ಉರ್ದು ಆಡುವ ಮಗುವಿಗೆ ಈ ಸಂಸ್ಕೃತದ ಮಾತುಗಳು ಎಷ್ಟು ದೂರವೋ, ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆದ್ದರಿಂದ ಮನೆಮಾತಿನ ಕಾರಣಕ್ಕೆ ಹೀಗಾಯಿತು ಎಂದು ನೀನು ನೊಂದುಕೊಳ್ಳುವುದು ಬೇಡ.

ನಾನು ಶಿಕ್ಷಕಿಯಾಗಿ ಶಾಲೆಗೆ ಸೇರಿದ ಮೊದಲ ವರ್ಷಗಳಲ್ಲಿ ಇಂಥದೇ ಉತ್ತರ ಬರೆದ ಒಬ್ಬ ಹುಡುಗಿಯನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ‘36 ಹೇಗೆ 12ನ್ನು ಭಾಗಿಸುತ್ತದೆ, ಎಲ್ಲರಿಗೂ ತೋರಿಸು’ ಎಂದಿದ್ದೆ. ತರಗತಿ ನಕ್ಕಿತು. ಆ ಹುಡುಗಿ ಸೀಮೆಸುಣ್ಣ ಹಿಡಿದುಕೊಂಡು ಗಂಟೆ ಹೊಡೆಯುವ ತನಕ ಹಾಗೇ ನಿಂತಿದ್ದಳು. ಆ ವರ್ಷ ಪೂರ್ತಿ ಅವಳು ನನ್ನ ಪಾಠದಲ್ಲಿ ತಲೆ ಎತ್ತಲಿಲ್ಲ. ಅವಳ ಲೆಕ್ಕ ಸರಿಯಿತ್ತು, ಹೆಸರು ಮಾತ್ರ ತಪ್ಪಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಏಳನೆಯದು ಮುಗಿಸಿ ಹೋಗಿದ್ದಳು. ನಿನಗೆ ಇಷ್ಟು ಉದ್ದ ಬರೆಯುತ್ತಿರುವುದು ಅವಳ ನೆನಪಿಗೂ ಹೌದು.

ಇನ್ನು ಹೊಟ್ಟೆನೋವು. ಅದನ್ನು ನಾಟಕ ಎನ್ನಬೇಡ. ಹೆದರಿಕೆಯಿಂದ ಬರುವ ಹೊಟ್ಟೆನೋವು ನಿಜವಾಗಿಯೂ ನೋಯುತ್ತದೆ. ರಜೆಯ ದಿನವೂ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಊಟ ಕಡಿಮೆಯಾದರೆ ಡಾಕ್ಟರಿಗೆ ತೋರಿಸು. ಗಣಿತದ ದಿನ ಮಾತ್ರ ಬರುತ್ತದೆ ಅಂದರೆ ಅದಕ್ಕೆ ಮದ್ದು ಮನೆಯಲ್ಲಿದೆ, ಅದೂ ನಿನ್ನ ಕೈಯಲ್ಲೇ ಇದೆ. ‘ನನಗೆ ಕಲಿಸಲು ಬರುವುದಿಲ್ಲ’ ಎಂದು ಬರೆದಿದ್ದೀಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಸಂಜೆ ಬಂಡಿ ಹತ್ತಿರ ನಿಲ್ಲುತ್ತೀ. ಒಬ್ಬರು ಒಂದು ಡಜನ್ ಕೇಳುತ್ತಾರೆ, ಒಬ್ಬರು ಅರ್ಧ, ಇನ್ನೊಬ್ಬರು ‘ಕೆಂಪು ಬಾಳೆ ತುಟ್ಟಿ, ಮೂರು ಸಾಕು’ ಎನ್ನುತ್ತಾರೆ. ಡಜನ್ನಿನ ರೇಟಿನಿಂದ ಮೂರು ಹಣ್ಣಿನ ರೊಕ್ಕ ಎಷ್ಟು, ನಾಲ್ಕರದು ಎಷ್ಟು ಎಂದು ನೀನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತೀ. ಕಾಲು ಡಜನ್ ಮೂರು, ಮೂರನೇ ಒಂದು ಪಾಲು ನಾಲ್ಕು, ಅರ್ಧ ಆರು. 12ನ್ನು 1, 2, 3, 4, 6, 12 ಸಮನಾಗಿ ಹಂಚುತ್ತವೆ, 5 ಹಂಚುವುದಿಲ್ಲ. ಯಾರಾದರೂ ಐದು ಹಣ್ಣು ಕೇಳಿದರೆ ಲೆಕ್ಕಕ್ಕೆ ಒಂದು ಗಳಿಗೆ ತಡವರಿಸುತ್ತೀ, ಹೌದೋ ಅಲ್ಲವೋ? ಆ ತಡವರಿಕೆಗೆ ಕಾರಣ 5 ಎಂಬುದು 12ರ ಅಪವರ್ತನ ಅಲ್ಲ ಎನ್ನುವುದೇ. ಹಣ್ಣು, ಬಳೆ, ಮೊಟ್ಟೆ ಎಲ್ಲವನ್ನೂ ಡಜನ್ನಿನಲ್ಲಿ ಮಾರುವ ರೂಢಿ ಇಷ್ಟು ಕಾಲ ಉಳಿದಿರುವುದಕ್ಕೂ ಇದೊಂದು ಕಾರಣ. ಹತ್ತನ್ನು ಎರಡು ಪಾಲು, ಐದು ಪಾಲು ಮಾಡಬಹುದು, ಅಷ್ಟೇ. ಗಂಟೆಗೆ 60 ನಿಮಿಷ ಇರುವುದರ ಲಾಭವೂ ಇದೇ. 60ಕ್ಕೆ 12 ಅಪವರ್ತನಗಳಿವೆ, ಅದಕ್ಕಿಂತ ಎಷ್ಟೋ ದೊಡ್ಡದಾದ 100ಕ್ಕೆ ಒಂಬತ್ತೇ. ಈ ತಿಳಿವಳಿಕೆ ನಿನ್ನ ಬೆರಳಲ್ಲಿದೆ. ಅದಕ್ಕೆ ಪುಸ್ತಕದಲ್ಲಿ ಇಟ್ಟ ಹೆಸರು ನಿನಗೆ ಗೊತ್ತಿರಲಿಲ್ಲ, ಅಷ್ಟೇ.

ಮೊದಲ ಒಂದು ವಾರ ಪುಸ್ತಕ ಮುಟ್ಟಬೇಡ, ಆ ಎರಡು ಹೆಸರನ್ನೂ ಎತ್ತಬೇಡ. ಒಂದು ಬಟ್ಟಲು ಹುಣಸೆ ಬೀಜ ತೆಗೆದಿಡು. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಇಬ್ಬರೂ ಒಂದೊಂದು ಹಿಡಿ ಬೀಜ ತೆಗೆದು ಎಣಿಸಿಕೊಳ್ಳಿ. ಮೂವತ್ತರ ಒಳಗೆ ಇರಲಿ. ಈಗ ತಮ್ಮ ತಮ್ಮ ಬೀಜಗಳನ್ನು ಸಮ ಸಾಲುಗಳಲ್ಲಿ ಜೋಡಿಸಬೇಕು. 24 ಬಂದಿದ್ದರೆ ಒಂದೇ ಸಾಲಲ್ಲಿ 24, ಎರಡು ಸಾಲಲ್ಲಿ 12, ಮೂರರಲ್ಲಿ 8, ನಾಲ್ಕರಲ್ಲಿ 6. ಸಾಲಿನ ಲೆಕ್ಕಕ್ಕೆ, ಸಾಲಿನೊಳಗಿನ ಬೀಜದ ಲೆಕ್ಕಕ್ಕೆ ಬೇರೆ ಬೇರೆ ಎಷ್ಟು ಸಂಖ್ಯೆ ಬಂದವೋ ಅಷ್ಟು ಅಂಕ: 1, 24, 2, 12, 3, 8, 4, 6, ಒಟ್ಟು ಎಂಟು. 23 ಬಂದವರ ಗತಿ ನೋಡು, ಹೇಗೆ ಜೋಡಿಸಿದರೂ ಒಂದೇ ಉದ್ದನೆಯ ಸಾಲು. ಎರಡೇ ಅಂಕ. ಇದಕ್ಕೊಂದು ಹುಳಿ-ಉಪ್ಪು ಬೇಕು, ಅದಕ್ಕೆ ಈ ನಿಯಮ ಸೇರಿಸು: ಜೋಡಿಸುವ ಮುಂಚೆ ಬಟ್ಟಲಿನಿಂದ ಒಂದು ಬೀಜ ತೆಗೆದುಕೊಳ್ಳಬಹುದು, ಇಲ್ಲವೇ ಒಂದು ಬೀಜ ವಾಪಸು ಹಾಕಬಹುದು. ಈ ಒಂದು ಬೀಜದಲ್ಲಿ ಆಟದ ಜೀವ ಇದೆ. 23 ಬಂದವಳು ಒಂದು ಸೇರಿಸಿ 24 ಮಾಡಿಕೊಳ್ಳುತ್ತಾಳೆ, 29 ಬಂದವಳು 30 ಮಾಡಿಕೊಳ್ಳುತ್ತಾಳೆ. ಮೂರನೆಯ ದಿನದ ಹೊತ್ತಿಗೆ ನಿನ್ನ ಮಗಳು ಎಣಿಸಿ ಮುಗಿಸುವ ಮೊದಲೇ ಯಾವುದು ಒಳ್ಳೆಯ ಸಂಖ್ಯೆ, ಯಾವುದು ಒಣ ಸಂಖ್ಯೆ ಎಂದು ಹೇಳತೊಡಗುತ್ತಾಳೆ. ಒಣ ಸಂಖ್ಯೆ ಎಂದು ಅವಳು ಕರೆದದ್ದನ್ನೇ ಪುಸ್ತಕ ಅವಿಭಾಜ್ಯ ಎನ್ನುತ್ತದೆ. 16 ಅಥವಾ 25 ಬಂದಾಗ ಒಂದು ಸೋಜಿಗ ಕಾಣುತ್ತದೆ. ಹೆಚ್ಚಿನ ಸಂಖ್ಯೆಗಳಿಗೆ ಅಂಕ ಜೋಡಿಜೋಡಿಯಾಗಿ ಬಂದರೆ ಇವಕ್ಕೆ ಬೆಸ ಅಂಕ ಬರುತ್ತದೆ. ನಾಲ್ಕು ಸಾಲಿನ ನಾಲ್ಕನ್ನು ತಿರುಗಿಸಿ ಇಟ್ಟರೂ ಅದೇ ನಾಲ್ಕು ಸಾಲಿನ ನಾಲ್ಕು. ಇದನ್ನು ನೀನು ಹೇಳಿಕೊಡಬೇಡ, ಬೀಜಗಳೇ ತೋರಿಸಲಿ.

ವಾರ ಕಳೆದ ಮೇಲೆ ಒಂದು ರಾತ್ರಿ, ಬೀಜ ಜೋಡಿಸುತ್ತಿರುವಾಗಲೇ, ‘ಈ ಸಾಲು ಮಾಡುವ ಸಂಖ್ಯೆಗಳಿಗೇ ನಿಮ್ಮ ಪುಸ್ತಕದಲ್ಲಿ ಅಪವರ್ತನ ಅಂತಾರಂತೆ’ ಎಂದು ಹೇಳು. ಬೀಜ ಕಂಡ ಮೇಲೆ ಹೆಸರು. ಅಪವರ್ತ್ಯಕ್ಕೆ ಮನೆಯಲ್ಲಿ ‘ಪಹಾಡೆಯಲ್ಲಿ ಬರೋದು’ ಅನ್ನಿ. ನೀವು ಪಹಾಡೆ ಅನ್ನುವುದೂ ನಾವು ಮಗ್ಗಿ ಅನ್ನುವುದೂ ಒಂದೇ ತಾನೇ? ಹಂಚುವುದು ಅಪವರ್ತನ, ಪಹಾಡೆಯಲ್ಲಿ ಬರುವುದು ಅಪವರ್ತ್ಯ. ಹಂಚುವುವು ಬೆರಳೆಣಿಕೆಯಷ್ಟು, ಆ ಸಂಖ್ಯೆಯನ್ನು ದಾಟುವುದಿಲ್ಲ. ಪಹಾಡೆಯಲ್ಲಿ ಬರುವವಕ್ಕೆ ಕೊನೆಯೇ ಇಲ್ಲ. ಕೊನೆಯಿಲ್ಲದ್ದರಲ್ಲಿ ಅತಿ ದೊಡ್ಡದನ್ನು ಹುಡುಕಲು ಆಗುವುದಿಲ್ಲವಲ್ಲ, ಅದಕ್ಕೇ ಅಲ್ಲಿ ಅತಿ ಚಿಕ್ಕದನ್ನು ಕೇಳುತ್ತಾರೆ. ಹಂಚುವುದರಲ್ಲಿ ಅತಿ ಚಿಕ್ಕದು ಯಾವಾಗಲೂ 1, ಕೇಳಿ ಏನು ಉಪಯೋಗ, ಅದಕ್ಕೇ ದೊಡ್ಡದನ್ನು ಕೇಳುತ್ತಾರೆ. ಇಷ್ಟು ಅವಳಿಗೆ ಹೊಳೆದರೆ ಮಹತ್ತಮ, ಲಘುತ್ತಮಗಳ ಗಂಟು ಬಿಚ್ಚಿಕೊಳ್ಳುತ್ತದೆ.

ಎರಡನೆಯ ಆಟ ಚಪ್ಪಾಳೆಯದು. ಎದುರುಬದುರು ಕೂತು ಒಂದರಿಂದ ಎಣಿಸುತ್ತ ಹೋಗುವುದು, ಒಂದು ನೀನು, ಎರಡು ಅವಳು. 4ರ ಪಹಾಡೆಯಲ್ಲಿ ಬರುವ ಸಂಖ್ಯೆ ಬಂದರೆ ಹೇಳುವ ಬದಲು ಚಪ್ಪಾಳೆ, 6ರದು ಬಂದರೆ ನೆಲ ತಟ್ಟುವುದು, ಎರಡರದೂ ಆದರೆ ಎರಡೂ ಮಾಡುವುದು. ಈ ಆಟದಲ್ಲಿ ನಿನ್ನ ಮಗಳು ಒಂದು ಕಡೆ ಬೆಚ್ಚುತ್ತಾಳೆ. 4, 6 ಅಂದರೆ 24ರಲ್ಲಿ ಸೇರುತ್ತವೆ ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ, ಎರಡನ್ನೂ ಗುಣಿಸಿಬಿಟ್ಟರೆ ಆಯಿತು ಎಂದು. ಆದರೆ ಕೈಗಳು 12ರಲ್ಲೇ ಸೇರಿಬಿಡುತ್ತವೆ. ಇದನ್ನು ಕ್ಯಾಲೆಂಡರಿನಲ್ಲೂ ಆಡಬಹುದು. ಅಬ್ಬಾ ನಾಲ್ಕು ದಿನಕ್ಕೊಮ್ಮೆ ಕಮಲಾಪುರಕ್ಕೆ ಹೋಗುತ್ತಾರೆ ಎಂದು ನೀನೇ ಬರೆದಿದ್ದೀ. ನಲ್ಲಿ ನೀರು ಆರು ದಿನಕ್ಕೊಮ್ಮೆ ಬರುತ್ತದೆ ಎಂದುಕೊಳ್ಳೋಣ. ಇವತ್ತು ಎರಡೂ ಒಟ್ಟಿಗೆ ಬಂದವು. ಅಬ್ಬಾ ಇಲ್ಲದ ನಸುಕಿನಲ್ಲಿ ಕೊಡ ಹೊರುವ ದಿನ ಮತ್ತೆ ಯಾವಾಗ? ಹುಡುಗಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಚುಕ್ಕೆ ಇಡುತ್ತ ಹೋಗಲಿ. ಹನ್ನೆರಡನೆಯ ದಿನ ಎರಡೂ ಚುಕ್ಕೆ ಒಂದೇ ಮನೆಯಲ್ಲಿ ಬೀಳುತ್ತವೆ. ಲ.ಸಾ.ಅ. ಅಂದರೆ ಆ ಮನೆ.

ಇದು ಎಲ್ಲಿಂದಲೋ ಬಂದು ನಮ್ಮ ಮಕ್ಕಳ ತಲೆಯ ಮೇಲೆ ಕೂತ ವಿದ್ಯೆ ಅಂದುಕೊಳ್ಳಬೇಡ. ಕಲಬುರಗಿಯಿಂದ ಸೇಡಂ ದಾರಿಯಲ್ಲಿ 40 ಕಿಲೋಮೀಟರಿನ ಆಸುಪಾಸು ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ಅದು ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಆ ರಾಜನನ್ನು ತನ್ನ ಗ್ರಂಥದ ಆರಂಭದಲ್ಲೇ ಹೊಗಳಿದ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ ಬರೆದ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳನ್ನು ಒಂದು ಮಾಡಬೇಕಲ್ಲ, ಅದಕ್ಕೆ ಬೇಕಾದ ಅತಿ ಚಿಕ್ಕ ಸಂಖ್ಯೆಯನ್ನು ಆತ ‘ನಿರುದ್ಧ’ ಎಂದು ಕರೆದು, ಅದನ್ನು ತೆಗೆಯುವ ದಾರಿಯನ್ನೂ ಹೇಳಿದ. ಛೇದಗಳಿಗೆ ಸಾಮಾನ್ಯವಾದ ಅಪವರ್ತನಗಳನ್ನು ತೆಗೆದು, ಕೊನೆಗೆ ಉಳಿದ ಭಾಗಲಬ್ಧಗಳ ಜೊತೆ ಅವನ್ನು ಗುಣಿಸುವುದು. 6 ಮತ್ತು 8 ತೆಗೆದುಕೋ. ಎರಡರಲ್ಲೂ ಇರುವುದು 2. ಅದರಿಂದ ಭಾಗಿಸಿದರೆ ಉಳಿಯುವುವು 3 ಮತ್ತು 4. ಎರಡು ಮೂರಲ ಆರು, ಆರು ನಾಲ್ಕಲ ಇಪ್ಪತ್ನಾಲ್ಕು. ನಿನ್ನ ಮಗಳ ಪುಸ್ತಕದಲ್ಲಿ ಲ.ಸಾ.ಅ. ಎಂದು ಇರುವುದು ಇದೇ ನಿರುದ್ಧ. ಸಾವಿರದ ನೂರು ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಯ ರಾಜನ ಆಶ್ರಯದಲ್ಲಿ ಇದ್ದವರು ಯೋಚಿಸಿದ್ದ ವಿಷಯ ಎಂದು ಹುಡುಗಿಗೆ ಒಮ್ಮೆ ಹೇಳು. ಸಾಧ್ಯವಾದರೆ ಒಂದು ಭಾನುವಾರ ಮಳಖೇಡದ ಕೋಟೆಯನ್ನೂ ತೋರಿಸಿಕೊಂಡು ಬಾ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಆಟ. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರ ಜೂನಿಪರ್ ಗ್ರೀನ್ ಎಂಬ ಊರಿದೆ. ಅಲ್ಲಿನ ಶಾಲೆಯ ಪೋರ್ಟಿಯಸ್ ಎಂಬ ಮೇಷ್ಟರು ತಮ್ಮ ಮಕ್ಕಳಿಗಾಗಿ ಇದನ್ನು ಕಟ್ಟಿದರು. ಆಟಕ್ಕೂ ಶಾಲೆಯ ಹೆಸರೇ ಬಂತು. 1997ರಲ್ಲಿ ಗಣಿತಜ್ಞ ಇಯಾನ್ ಸ್ಟೂವರ್ಟ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಆಡುವುದಕ್ಕೆ ಹಳೆಯ ಕ್ಯಾಲೆಂಡರಿನ ಬೆನ್ನು ಸಾಕು. ಆರಾರರಂತೆ ಐದು ಸಾಲು ಎಳೆದು 1ರಿಂದ 30 ಬರಿ. ಮೊದಲು ಆಡುವವರು ಯಾವುದಾದರೂ ಸಮಸಂಖ್ಯೆ ಹೇಳಿ ಅದರ ಮೇಲೆ ಬೀಜ ಇಡಬೇಕು. ಎದುರಿನವರು ಆ ಸಂಖ್ಯೆಯ ಅಪವರ್ತನವನ್ನಾಗಲಿ ಅಪವರ್ತ್ಯವನ್ನಾಗಲಿ ಮುಚ್ಚಬೇಕು. ಮುಂದಿನವರು ಅದರದ್ದು. ಮುಚ್ಚಿದ್ದು ಮುಚ್ಚಿತು, ಮತ್ತೆ ಬರುವಂತಿಲ್ಲ. ಯಾರಿಗೆ ಇಡಲು ಜಾಗ ಸಿಗುವುದಿಲ್ಲವೋ ಅವರು ಸೋತರು.

ಒಂದು ಆಟ ಆಡಿಯೇ ತೋರಿಸುತ್ತೇನೆ. ನೀನು 8 ಇಟ್ಟೆ ಅನ್ನು. ಮಗಳು 24 ಇಟ್ಟಳು, 8ರ ಪಹಾಡೆ. ನೀನು 12, ಅದು 24ನ್ನು ಹಂಚುತ್ತದೆ. ಅವಳು 6. ನೀನು 30ಕ್ಕೆ ಹಾರಿದೆ. ಅವಳು 15ಕ್ಕೆ ಇಳಿದಳು. ನೀನು 5. ಅವಳು ಸ್ವಲ್ಪ ಯೋಚಿಸಿ 25 ಇಟ್ಟಳು. ಈಗ ನಿನ್ನ ಸರದಿ. 25ನ್ನು ಹಂಚುವವು 1, 5, 25. ಐದು ಮುಚ್ಚಿದೆ. 25ರ ಪಹಾಡೆಯಲ್ಲಿ ಮುಂದಿನದು 50, ಹಲಗೆಯ ಮೇಲಿಲ್ಲ. ಉಳಿದದ್ದು 1 ಮಾತ್ರ, ಬೇರೆ ದಾರಿಯಿಲ್ಲದೆ ಅದನ್ನೇ ಇಟ್ಟೆ. ಅವಳು ನಗುತ್ತ 29 ಇಡುತ್ತಾಳೆ. 29ನ್ನು ಹಂಚುವುದು 1 ಬಿಟ್ಟರೆ ಬೇರಾರೂ ಇಲ್ಲ, ಅದೂ ಮುಗಿದಿದೆ. ಆಟ ಅವಳದು. ಇಷ್ಟರಲ್ಲಿ ಹುಡುಗಿ ಹತ್ತು ಸಂಖ್ಯೆಗಳ ಹಂಚಿಕೆಯನ್ನೂ ಪಹಾಡೆಯನ್ನೂ ತಲೆಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿರುತ್ತಾಳೆ. ಇದೇ ಹತ್ತು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಕೊಟ್ಟಿದ್ದರೆ ಹೊಟ್ಟೆನೋವು ಬರುತ್ತಿತ್ತು.

ಮೊದಲ ಸಂಖ್ಯೆ ಸಮವೇ ಯಾಕಿರಬೇಕು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆ ನಿಯಮ ತೆಗೆದು ಒಂದು ಸಲ ಆಡಿ ನೋಡಲಿ. ಮೊದಲಿಗೆ 29 ಇಟ್ಟರೆ ಎದುರಿನವರು 1 ಇಡಲೇಬೇಕು, ಆಗ 23 ಇಟ್ಟರೆ ಮುಗಿಯಿತು, ಮೂರೇ ನಡೆ. 30ರ ಹಲಗೆ ಕೈಗೆ ಕೂತ ಮೇಲೆ 50, ಆಮೇಲೆ 100. ನೂರರ ಹಲಗೆಯಲ್ಲಿ ಒಂದು ಆಟಕ್ಕೆ ಒಂದು ಸಂಜೆಯೇ ಹೋಗುತ್ತದೆ.

ಎಲ್ಲ ಆಟಕ್ಕೂ ಒಂದೇ ಮಾತು. ನೀನು ಪರೀಕ್ಷೆ ಮಾಡುವವಳಾಗಿ ಕೂರಬೇಡ, ಆಡುವವಳಾಗಿ ಕೂರು. ‘ಇಷ್ಟೂ ಗೊತ್ತಾಗಲಿಲ್ಲವೇ’ ಎನ್ನುವ ಮಾತು ಬಾಯಿಗೆ ಬಂದರೆ ನುಂಗಿಬಿಡು. ಗಡಿಯಾರ ನೋಡಬೇಡ, ಬೇಗ ಹೇಳು ಎನ್ನಬೇಡ. ಬೇಕಂತಲೇ ಸೋಲುವುದೂ ಬೇಡ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ನೀನು ಏಳನೆಯ ತನಕ ಓದಿದವಳು, ನಿಜವಾಗಿ ಆಡಿದರೂ ವಾರದಲ್ಲಿ ಒಂದೆರಡು ಸಲ ಸೋತೇ ಸೋಲುತ್ತೀ. ನಿನ್ನನ್ನು ಸೋಲಿಸಿದ ರಾತ್ರಿ ಅವಳ ಮುಖ ನೋಡು, ಆಮೇಲೆ ಟ್ಯೂಷನ್ ಮಾತು ಬರಲಿ. ನನ್ನ ಮಟ್ಟಿಗೆ ಈಗ ಟ್ಯೂಷನ್ ಬೇಡವೇ ಬೇಡ. ಇವಳಿಗೆ ಲೆಕ್ಕ ಬರುತ್ತದೆ, ಹೆದರಿಕೆ ಹೋಗಬೇಕು. ಹೆದರಿದ ಮಗುವನ್ನು ಇನ್ನೊಂದು ತರಗತಿಯಲ್ಲಿ ಕೂರಿಸಿದರೆ ಹೆದರಿಕೆ ಎರಡಾಗುತ್ತದೆ. ಎರಡು ತಿಂಗಳು ಆಡಿದ ಮೇಲೂ ಚಿಕ್ಕ ಸಂಖ್ಯೆಗಳ ಅಂದಾಜೇ ಸಿಗದಿದ್ದರೆ, 36ನ್ನು 63 ಎಂದು ಪದೇಪದೇ ಬರೆಯುತ್ತಿದ್ದರೆ, ಆಗ ಮಕ್ಕಳ ಡಾಕ್ಟರಿಗೆ ತೋರಿಸಿ ಕಲಿಕೆಯ ತೊಂದರೆ ಏನಾದರೂ ಇದೆಯೇ ಎಂದು ಕೇಳು. ನೀನು ಇಳಿಸಿ ಕಳಿಸಿದ ಉತ್ತರಗಳಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಶಾಲೆಗೆ ಹೋಗಿ ಮೇಷ್ಟರನ್ನು ಒಮ್ಮೆ ಕಾಣು. ದೂರು ಹೇಳಲು ಹೋಗಬೇಡ, ಇವೇ ನಾಲ್ಕು ಉತ್ತರಗಳನ್ನು ತೋರಿಸಿ, ‘ಹೆಸರು ತಿರುವುಮುರುವಾಗಿದೆ ಅನ್ನಿಸುತ್ತದೆ ಸರ್, ನೋಡ್ತೀರಾ’ ಎಂದು ಕೇಳು. ಬಹಳ ಮೇಷ್ಟರಿಗೆ ಪೇಪರಿನ ಕಟ್ಟಿನ ನಡುವೆ ಇದನ್ನು ಗಮನಿಸಲು ಪುರುಸೊತ್ತು ಸಿಕ್ಕಿರುವುದಿಲ್ಲ. ಸರಕಾರಿ ಶಾಲೆಯಾದರೆ ಇನ್ನೊಂದನ್ನೂ ಕೇಳು. ಶಿಕ್ಷಣ ಇಲಾಖೆ ಅಕ್ಷರ ಫೌಂಡೇಷನ್ ಜೊತೆ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಲ್ಲಿ 4 ಮತ್ತು 5ನೆಯ ತರಗತಿಗೆಂದು ಗಣಿತದ ಸಾಮಾನಿನ ಕಿಟ್ ಕೊಟ್ಟಿದ್ದಾರೆ. ಎಷ್ಟೋ ಕಡೆ ಅದು ಹಾಳಾದೀತು ಎಂದು ಬೀರುವಿನಲ್ಲೇ ಉಳಿಯುತ್ತದೆ. ಮಕ್ಕಳ ಕೈಗೆ ಬಂದು ಹಾಳಾದರೆ ನನಗೇನೂ ಬೇಸರವಿಲ್ಲ.

ಅವಳ ಅಬ್ಬಾ ಬೈದಿದ್ದರ ಹಿಂದೆ ಮಗಳು ಓದಲಿ ಎನ್ನುವ ಆಸೆಯೇ ಇದೆ. ಅವರನ್ನೂ ಆಟಕ್ಕೆ ಎಳೆದುಕೋ. ಅವರಿಗೊಂದು ಒಗಟು ಕೊಡು, ಅದು ನಿಮ್ಮ ಊರಿನದೇ. ಕೋಟೆಯೊಳಗಿನ ಜಾಮಿಯಾ ಮಸೀದಿ ಬಹಮನಿ ಸುಲ್ತಾನರ ಕಾಲದಲ್ಲಿ, 1367ರಲ್ಲಿ ಕಟ್ಟಿದ್ದು. ಬಯಲು ಅಂಗಳವೇ ಇಲ್ಲದೆ ಪೂರ್ತಿ ಮಾಡಿನ ಕೆಳಗಿರುವ ಮಸೀದಿ. ಪುಸ್ತಕಗಳಲ್ಲಿ ಅದರ ಅಳತೆ ಉದ್ದ 216 ಅಡಿ, ಅಗಲ 176 ಅಡಿ ಎಂದು ಕೊಟ್ಟಿದ್ದಾರೆ. ಅಷ್ಟು ಜಾಗಕ್ಕೆ ಒಂದನ್ನೂ ಕತ್ತರಿಸದೆ ಚೌಕ ಜಮಖಾನೆ ಹಾಸಬೇಕು, ಎಲ್ಲವೂ ಒಂದೇ ಅಳತೆ, ಮತ್ತು ಆದಷ್ಟು ದೊಡ್ಡವು. ಎಷ್ಟು ಅಡಿಯ ಜಮಖಾನೆ? ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋಗುವುದೇ ದಾರಿ. 216ರಿಂದ 176 ಹೋದರೆ 40. 176ರಿಂದ 40ನ್ನು ನಾಲ್ಕು ಸಲ ಕಳೆದರೆ 16. 40ರಿಂದ 16ನ್ನು ಎರಡು ಸಲ ಕಳೆದರೆ 8. 16ರಲ್ಲಿ 8 ಪೂರ್ತಿ ಎರಡು ಸಲ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಎಂಟಡಿ ಜಮಖಾನೆ, ಉದ್ದಕ್ಕೆ 27, ಅಗಲಕ್ಕೆ 22, ಒಟ್ಟು 594. ಮ.ಸಾ.ಅ. ಅಂದರೆ ಆ ಎಂಟು. ಮೊದಲು 18 ಗೀಟು ಉದ್ದ, 12 ಗೀಟು ಅಗಲದ ಕಾಗದದಲ್ಲಿ ಚೌಕಗಳನ್ನು ಕತ್ತರಿಸುತ್ತ ಅಪ್ಪ-ಮಗಳು ಕಲಿಯಲಿ, ಮಸೀದಿ ಆಮೇಲೆ.

ಕೊನೆಗೆ ಅಕ್ಕಿ ಡಬ್ಬಿಯ ಪೇಪರು. ಹೇಳು, ಮುಚ್ಚಿಡಬೇಡ. ಆದರೆ ಈ ವಾರ ಬೇಡ. ಬೀಜದ ಆಟ, ಕ್ಯಾಲೆಂಡರಿನ ಆಟ ನಡೆದು, ಎರಡು ಹೆಸರೂ ಅವಳ ಬಾಯಲ್ಲಿ ತಾವಾಗಿ ಬರತೊಡಗಿದ ಮೇಲೆ ಒಂದು ರಾತ್ರಿ ಆ ಪೇಪರನ್ನು ತೆಗೆದು ಹಲಗೆಯ ಪಕ್ಕದಲ್ಲಿ ಇಡು. ಯಾಕೆ ಬಚ್ಚಿಟ್ಟೆ ಎಂದು ಕೇಳಬೇಡ. ಒಂದು ಪೆನ್ಸಿಲ್ ತೆಗೆದುಕೊಂಡು 36ರಿಂದ ಲ.ಸಾ.ಅ. ಕಡೆಗೆ ಒಂದು ಬಾಣ, 6ರಿಂದ ಮ.ಸಾ.ಅ. ಕಡೆಗೆ ಒಂದು ಬಾಣ ಎಳೆ. 15ರ ಉತ್ತರಕ್ಕೂ 7ರ ಉತ್ತರಕ್ಕೂ ಬಾಣ ಎಳೆಯುವ ಕೆಲಸ ಅವಳಿಗೆ ಬಿಡು.

ಆಮೇಲೆ ಒಂದು ಆಟ ಆಡಿ ಮಲಗಿ. ನೀನು ಮೊದಲು ಆಡುವ ಸರದಿ ಬಂದರೆ 26ರಿಂದಲೋ 22ರಿಂದಲೋ ಶುರು ಮಾಡಬೇಡ. ಯಾಕೆ ಎಂದು ನಾನು ಬರೆಯುವುದಿಲ್ಲ. ಮಗಳನ್ನು ಕೇಳು.